ಮಗುವಿನ ಕಾಮಾಲೆ ಗೊತ್ತಾಗಲಿಲ್ಲ, ಯುಕೆಯಲ್ಲಿ ಎಂಪಿಗೆ ಬರೆದರೆ ಏನಾದರೂ ಉಪಯೋಗ ಇದೆಯಾ?

ದಾವಣಗೆರೆ_ಟು_ಕೊವೆಂಟ್ರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮ ಯಜಮಾನರು ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದಾರೆ, ನಾನು ಡಿಪೆಂಡೆಂಟ್. ಈ ಚಳಿಗಾಲದಲ್ಲಿ ಮಗಳು ಹುಟ್ಟಿದಳು. ಹೆರಿಗೆ ಸಲೀಸಾಗಿಯೇ ಆಯಿತು, ಮರುದಿನ ಮನೆಗೆ ಕಳಿಸಿದರು. ಆಮೇಲೆ ಮನೆಗೆ ಬಂದ ಮಿಡ್‌ವೈಫ್ ಮಗುವನ್ನು ನೋಡಿ, ಬಣ್ಣ ಚೆನ್ನಾಗಿದೆ ಅಂತ ಬರೆದುಕೊಂಡು ಹೋದರು. ಅಷ್ಟೊತ್ತಿಗೆ ಹೊರಗೆ ಕತ್ತಲಾಗಿತ್ತು. ಮಗುವಿನ ಬಟ್ಟೆಯನ್ನೂ ಪೂರ್ತಿ ಬಿಚ್ಚಿಸಲಿಲ್ಲ.

ಬಾಣಂತನಕ್ಕೆ ಅಂತ ನಮ್ಮಮ್ಮ ಊರಿಂದ ಬಂದಿದ್ದರು. ಮಾರನೇ ದಿನ ಬೆಳಗ್ಗೆ ಕಿಟಕಿ ಹತ್ತಿರ ಕೂತು ಎಣ್ಣೆ ಹಚ್ಚುತ್ತಾ, "ಇದರ ಕಣ್ಣು ನೋಡೇ, ಅರಿಶಿಣ ಆಗಿದೆ" ಅಂದರು. ಮಗು ಹಾಲಿಗೂ ಏಳುತ್ತಿರಲಿಲ್ಲ. ವಾರ್ಡಿಗೆ ಫೋನ್ ಮಾಡಿದೆ. ನಿನ್ನೆ ತಾನೇ ನೋಡಿದ್ದಾರಲ್ಲ, ಏಷ್ಯನ್ ಮಕ್ಕಳ ಬಣ್ಣ ಸ್ವಲ್ಪ ಹಾಗೇ ಇರುತ್ತೆ ಅಂದರು. ಆ ಮಾತು ಇನ್ನೂ ಚುಚ್ಚುತ್ತಿದೆ. ಕೊನೆಗೆ ನಾವೇ ಎಮರ್ಜೆನ್ಸಿಗೆ ಕರ್ಕೊಂಡು ಹೋದೆವು. ರಕ್ತ ಪರೀಕ್ಷೆಯಲ್ಲಿ ಬಿಲಿರುಬಿನ್, ಅಂದರೆ ಕಾಮಾಲೆಯಲ್ಲಿ ಮೈ ಹಳದಿ ಮಾಡುವ ಅಂಶ, ಜಾಸ್ತಿ ಬಂತು, ತಕ್ಷಣ ನೀಲಿ ಲೈಟಿನ ಕೆಳಗೆ ಮಲಗಿಸಿದರು. ಈಗ ಮಗು ಆರಾಮಾಗಿದೆ.

ನಾನು ಎಂಪಿಗೆ ಬರೆಯೋಣ ಅಂತಿದ್ದೇನೆ. ಯಜಮಾನರು, "ವೀಸಾದಲ್ಲಿ ಇರೋರು ಯಾಕೆ ಸುಮ್ನೆ ತಲೆನೋವು ತಂದುಕೊಳ್ಳೋದು" ಅಂತಾರೆ. ಇಲ್ಲಿಯ ಪ್ರಜೆ ಅಲ್ಲದವರು ಬರೆಯಬಹುದಾ? ಇಂಥ ವಿಷಯ ಪಾರ್ಲಿಮೆಂಟಿನಲ್ಲಿ ಬರುತ್ತಾ?

ಸ್ಲೌ_ಶೆಟ್ರು:

ಮಗು ಹುಷಾರಾಗಿದೆಯಲ್ಲ, ಅದೇ ದೊಡ್ಡದು. ಬರೆಯಬಹುದು, ಯಾರೂ ಬೇಡ ಅನ್ನಲ್ಲ. ನಾನೂ ಒಮ್ಮೆ ಬೇರೆ ವಿಷಯಕ್ಕೆ ಬರೆದಿದ್ದೆ. ತಿಂಗಳ ಮೇಲೆ ಎರಡು ಪುಟ ಉತ್ತರ ಬಂತು, "ನಿಮ್ಮ ಕಳವಳ ಅರ್ಥವಾಗುತ್ತದೆ" ಅಂತ. ಆಮೇಲೆ ಏನೂ ಇಲ್ಲ. ಪಾರ್ಲಿಮೆಂಟಿನಲ್ಲಿ ಕಪ್ಪು ತಾಯಂದಿರ ಸಾವಿನ ಬಗ್ಗೆ ಎಷ್ಟೋ ಸಲ ಮಾತಾಡಿದ್ದಾರೆ, ಏನಾಯ್ತು? ಹೆಚ್ಚು ಆಸೆ ಇಟ್ಟುಕೋಬೇಡಿ.

ಹಾಸನದಕ್ಕ_ಲೆಸ್ಟರ್:

ಶೆಟ್ರೇ, ಆ ಎರಡು ಪುಟದ ಉತ್ತರಗಳನ್ನು ಬರೆಯುತ್ತಿದ್ದವರಲ್ಲಿ ನಾನೂ ಒಬ್ಬಳು. ಇಲ್ಲೊಬ್ಬ ಎಂಪಿಯ ಕಚೇರಿಯಲ್ಲಿ ಕೇಸ್‌ವರ್ಕರ್ ಆಗಿದ್ದೆ. ಪಕ್ಷ ಯಾವುದು ಅಂತ ಕೇಳಬೇಡಿ, ಇಲ್ಲೇ ಜಗಳ ಶುರುವಾಗುತ್ತೆ. ಯಾವ ಪತ್ರಕ್ಕೆ "ಅರ್ಥವಾಗುತ್ತದೆ" ಅನ್ನೋ ಉತ್ತರ ಹೋಗುತ್ತೆ, ಯಾವುದು ಮಂತ್ರಿಯ ಮೇಜಿನವರೆಗೆ ಹೋಗುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು.

ತಂಗಿ, ಮೊದಲು ಯಜಮಾನರ ಭಯದ ವಿಷಯ. ಆಸ್ಪತ್ರೆ ಮೇಲೆ ದೂರು ಕೊಡುವುದಕ್ಕೂ ವೀಸಾಕ್ಕೂ ಸಂಬಂಧವೇ ಇಲ್ಲ. ಟ್ಯಾಕ್ಸ್ ಕಟ್ಟುತ್ತಿದ್ದೀರಿ, ಅದರ ಮೇಲೆ ವಯಸ್ಕರಿಗೆ ತಲಾ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್, ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕ, ಬೇರೆ. ಪುಕ್ಕಟೆ ಏನೂ ಕೇಳುತ್ತಿಲ್ಲ. ಎಂಪಿ ಇರುವುದು ಆ ಕ್ಷೇತ್ರದಲ್ಲಿ ವಾಸ ಮಾಡುವ ಎಲ್ಲರಿಗೂ, ಓಟು ಹಾಕಿದವರಿಗೆ ಮಾತ್ರ ಅಲ್ಲ. ಇನ್ನೊಂದು ಮಾತು ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತಿಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಹಾಗಾಗಿ ಇಂಡಿಯನ್ ಪಾಸ್‌ಪೋರ್ಟ್ ಇದ್ದು ಇಲ್ಲಿ ವೀಸಾದಲ್ಲಿ ಇರುವವರೂ ಪಾರ್ಲಿಮೆಂಟ್ ಚುನಾವಣೆಯಲ್ಲಿ ಓಟು ಹಾಕಬಹುದು. ಬೂತಿನಲ್ಲಿ ಗುರುತಿಗೆ ಅದೇ ಪಾಸ್‌ಪೋರ್ಟ್ ನಡೆಯುತ್ತೆ. ಇನ್ನೂ ರಿಜಿಸ್ಟರ್ ಆಗಿಲ್ಲದಿದ್ದರೆ ಇವತ್ತೇ ಮಾಡಿಸಿಕೊಳ್ಳಿ.

ಈಗ ಶೆಟ್ರ "ಏನಾಯ್ತು" ಅನ್ನೋ ಪ್ರಶ್ನೆ. ಫೈವ್ ಎಕ್ಸ್ ಮೋರ್ ಅಂತ ಒಂದು ಸಂಘಟನೆ ಇದೆ. 2019ರಲ್ಲಿ ಇಬ್ಬರು ಕಪ್ಪು ತಾಯಂದಿರು ಶುರು ಮಾಡಿದ್ದು, ಟಿನುಕೆ ಅವೆ ಮತ್ತು ಕ್ಲೋಟಿಲ್ಡ್ ಅಬೆ. ಆ ಹೆಸರು ಬಂದಿದ್ದು ಒಂದು ಲೆಕ್ಕದಿಂದ. 2014–16ರ ಅಂಕಿಅಂಶದಲ್ಲಿ, ಬಸಿರಿನಲ್ಲಿ ಅಥವಾ ಹೆರಿಗೆಯಾದ 6 ವಾರದೊಳಗೆ ಸಾಯುವ ಅಪಾಯ ಬಿಳಿ ಹೆಂಗಸರಿಗಿಂತ ಕಪ್ಪು ಹೆಂಗಸರಿಗೆ 5 ಪಟ್ಟು ಇತ್ತು. ಏಷ್ಯನ್ ಹೆಂಗಸರಿಗೆ, ಅಂದರೆ ನಮಗೆ, ಹತ್ತಿರಹತ್ತಿರ 2 ಪಟ್ಟು. ಆ ತಾಯಂದಿರು ಪಾರ್ಲಿಮೆಂಟಿನ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿದರು. 10,000 ಸಹಿ ಆದರೆ ಸರ್ಕಾರ ಉತ್ತರ ಕೊಡಬೇಕು. 1 ಲಕ್ಷ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ಇವರದಕ್ಕೆ 1,87,000ಕ್ಕೂ ಜಾಸ್ತಿ ಸಹಿ ಬಿತ್ತು. 2021ರ ಏಪ್ರಿಲ್ 19ಕ್ಕೆ ಪಾರ್ಲಿಮೆಂಟಿನ ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಚರ್ಚೆ ನಡೆಯಿತು. ಆಗ ಸ್ಟ್ರೆಟಂ ಎಂಪಿ ಆಗಿದ್ದ ಬೆಲ್ ರಿಬೆರೋ-ಆ್ಯಡಿ ಈ ವಿಷಯವನ್ನು ಬಿಡದೆ ಹಿಡಿದುಕೊಂಡರು. ಕಪ್ಪು ತಾಯಂದಿರ ಆರೋಗ್ಯಕ್ಕೆ ಅಂತಲೇ ಎಲ್ಲಾ ಪಕ್ಷಗಳ ಎಂಪಿಗಳ ಒಂದು ಗುಂಪು ಆಯಿತು. 2023ರ ಏಪ್ರಿಲ್‌ನಲ್ಲಿ ಪಾರ್ಲಿಮೆಂಟಿನ ಮಹಿಳೆ ಮತ್ತು ಸಮಾನತೆ ಸಮಿತಿ ಪೂರಾ ಒಂದು ವರದಿಯನ್ನೇ ತಂದಿತು, ಈ ಅಂತರ ಇಳಿಸಲು ಗುರಿ ಇಟ್ಟುಕೊಳ್ಳಿ ಅಂತ. ಆಗಿನ ಸರ್ಕಾರ ಒಪ್ಪಲಿಲ್ಲ. 2024ರ ಚುನಾವಣೆಗೆ ಲೇಬರ್ ಪಕ್ಷ ಅದೇ ಗುರಿಯನ್ನು ಪ್ರಣಾಳಿಕೆಯಲ್ಲಿ ಹಾಕಿತು, ಕಪ್ಪು ಮತ್ತು ಏಷ್ಯನ್ ಎರಡೂ ಸೇರಿಸಿ. ಹಾಗಾಗಿ, ತಂಗಿ, ನಮ್ಮ ವಿಷಯ ಅಲ್ಲಿಗೆ ಬರುತ್ತಾ ಅಂತ ಕೇಳಿದರೆ, ಬಂದಿದೆ. ತಂದವರು ಮಾತ್ರ ನಾವಲ್ಲ. ಸಹಿ ಹಾಕಿ ಅಂತ ಆಗ ನಮ್ಮ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಕಳಿಸಿದರೆ, "ಅದು ಅವರ ವಿಷಯ ಅಲ್ವಾ" ಅಂದವರೇ ಜಾಸ್ತಿ.

ಇನ್ನು ನಿಮ್ಮ ಪತ್ರ. ಬರೀ "ನಮಗೆ ತಾರತಮ್ಯ ಆಯಿತು" ಅಂತ ಬರೆದರೆ ಶೆಟ್ರಿಗೆ ಬಂದ ಉತ್ತರವೇ ನಿಮಗೂ ಬರುತ್ತೆ. ಆಗಿದ್ದು ನಿಜ, ಅದನ್ನು ಹೇಳಬೇಡಿ ಅಂತಲ್ಲ. ಆದರೆ ಆ ಒಂದು ವಾಕ್ಯ ಇಟ್ಟುಕೊಂಡು ಕಚೇರಿಯವರು ಏನೂ ಮಾಡಲಾರರು. ಮಂತ್ರಿಗೆ ಕೇಳಬಹುದಾದ ಒಂದು ಪ್ರಶ್ನೆಯನ್ನು ಕೈಗೆ ಕೊಡಿ. ಕಾಮಾಲೆ ಬಗ್ಗೆ, ಇಲ್ಲಿ ಚಿಕಿತ್ಸೆ ಹೇಗಿರಬೇಕು ಅಂತ ಹೇಳುವ ನೈಸ್ ಸಂಸ್ಥೆಯ ಮಾರ್ಗಸೂಚಿ ಸ್ಪಷ್ಟವಾಗಿದೆ. ಮಗುವಿನ ಬಟ್ಟೆ ಬಿಚ್ಚಿ, ಒಳ್ಳೆ ಬೆಳಕಿನಲ್ಲಿ, ಆದಷ್ಟೂ ಹಗಲಿನ ಬೆಳಕಿನಲ್ಲಿ ನೋಡಬೇಕು. ಕಣ್ಣಿನ ಬಿಳಿ, ವಸಡು ನೋಡಬೇಕು. ಬಿಲಿರುಬಿನ್ ಎಷ್ಟಿದೆ ಅಂತ ಬರೀ ಕಣ್ಣಳತೆಯಲ್ಲಿ ಹೇಳುವ ಹಾಗಿಲ್ಲ. ಹುಟ್ಟಿ 24 ಗಂಟೆ ಕಳೆದ ಮಗುವಿಗೆ ಕಾಮಾಲೆ ಇರಬಹುದು ಅನ್ನಿಸಿದರೆ 6 ಗಂಟೆಯೊಳಗೆ ಅಳೆಯಬೇಕು. ಚರ್ಮದ ಮೇಲಿಟ್ಟು ಅಳೆಯುವ ಸಣ್ಣ ಮೀಟರ್ ಇದೆ. ಆದ್ದರಿಂದ ನಿಮ್ಮ ಪ್ರಶ್ನೆ ಹೀಗಿರಲಿ: ಇಂಗ್ಲೆಂಡಿನ ಆಸ್ಪತ್ರೆ ನಡೆಸುವ ಎಷ್ಟು ಟ್ರಸ್ಟುಗಳು ಮನೆಮನೆಗೆ ಹೋಗುವ ಮಿಡ್‌ವೈಫ್‌ಗಳಿಗೆ ಈ ಮೀಟರ್ ಕೊಟ್ಟಿವೆ? ಎಂಪಿ ಇದನ್ನು ಲಿಖಿತ ಪ್ರಶ್ನೆಯಾಗಿ ಹಾಕಬಹುದು. ಮಂತ್ರಿ ಉತ್ತರ ಕೊಡಲೇಬೇಕು, ಅದು ಪಾರ್ಲಿಮೆಂಟಿನ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತೆ.

ಬಹುಶಃ "ಈ ಮಾಹಿತಿಯನ್ನು ಕೇಂದ್ರದಲ್ಲಿ ಇಟ್ಟುಕೊಂಡಿಲ್ಲ" ಅಂತ ಬರುತ್ತೆ. ಬೇಸರ ಬೇಡ. ಯಾರೂ ಲೆಕ್ಕವನ್ನೇ ಇಟ್ಟಿಲ್ಲ ಅಂತ ಸರ್ಕಾರವೇ ಬರೆದುಕೊಟ್ಟ ಹಾಗಾಯಿತು. ಮುಂದಿನ ಚರ್ಚೆಯಲ್ಲಿ ಎದ್ದು ನಿಲ್ಲುವ ಎಂಪಿಗೆ ಅದಕ್ಕಿಂತ ಒಳ್ಳೆ ಕಾಗದ ಬೇಕಾ?

ಕುಡ್ಲದ_ಮಿಡ್‌ವೈಫ್:

ನಾನು ಇದೇ ಕೆಲಸದಲ್ಲಿ ಇರುವವಳು. ಮನೆಗೆ ಬಂದವರನ್ನು ಪೂರ್ತಿ ದೂರಬೇಡಿ. ದಿನಕ್ಕೆ ಎಷ್ಟು ಮನೆ ಅಂತ ನಮಗೆ ಮಾತ್ರ ಗೊತ್ತು. ಮೀಟರ್ ಎಲ್ಲರ ಬ್ಯಾಗಿನಲ್ಲೂ ಇರುವುದಿಲ್ಲ. ಆದರೆ ಫೋನಿನಲ್ಲಿ ಹೇಳಿದ ಆ ಮಾತು ತಪ್ಪೇ, ಅದಕ್ಕೆ ನಾನು ಸಮಜಾಯಿಷಿ ಕೊಡುವುದಿಲ್ಲ. ಹಾಲಿಗೆ ಏಳದ ಮಗುವಿನ ಬಣ್ಣ ಹೇಗೇ ಇರಲಿ, ಕರ್ಕೊಂಡು ಬನ್ನಿ ಅನ್ನಬೇಕಿತ್ತು.

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2023ರಲ್ಲಿ ಎನ್‌ಎಚ್‌ಎಸ್‌ ರೇಸ್ ಆ್ಯಂಡ್ ಹೆಲ್ತ್ ಅಬ್ಸರ್ವೇಟರಿ, ಅಂದರೆ ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಜನಾಂಗೀಯ ಅಂತರ ನೋಡುವ ಸಂಸ್ಥೆ, ಅದರ ಒಂದು ವರದಿ ಬಂತು. ಕಪ್ಪು, ಏಷ್ಯನ್ ಮಕ್ಕಳಲ್ಲಿ ಕಾಮಾಲೆ, ಮೈ ನೀಲಿ ಆಗುವುದು, ಹುಟ್ಟಿದ ಕೂಡಲೇ ಕೊಡುವ ಆಪ್ಗರ್ ಅಂಕ, ಇವನ್ನೆಲ್ಲ ನೋಡುವ ರೀತಿ ಬಿಳಿ ಚರ್ಮಕ್ಕೆ ಹೊಂದಿಸಿದ್ದು ಅಂತ ಅದರಲ್ಲಿದೆ. ಆಪ್ಗರ್‌ನಲ್ಲಿ ಮೈಯೆಲ್ಲ ಗುಲಾಬಿ ಇದ್ದರೆ ಪೂರ್ತಿ 2 ಅಂಕ. ನಮ್ಮ ಮಕ್ಕಳು ಎಲ್ಲಿಂದ ಗುಲಾಬಿ ಆಗಬೇಕು ಹೇಳಿ! ಈ ವರದಿಯ ಹೆಸರನ್ನು ಪತ್ರದಲ್ಲಿ ಹಾಕಿ. ಆಗ ಇದು ಒಬ್ಬಳು ತಾಯಿಯ ಸಿಟ್ಟು ಅಂತ ಪಕ್ಕಕ್ಕಿಡಲು ಆಗುವುದಿಲ್ಲ.

ಬೆರಳಿಗೆ ಹಾಕುವ ಆಕ್ಸಿಮೀಟರ್ ಕಥೆ ನೆನಪಿದೆಯಾ? ಕಪ್ಪು ಚರ್ಮದವರಲ್ಲಿ ಅದು ಆಕ್ಸಿಜನ್ ಇರುವುದಕ್ಕಿಂತ ಜಾಸ್ತಿ ತೋರಿಸಬಹುದು ಅಂತ 2020ರ ಕೊನೆಗೆ ಅಮೆರಿಕದ ಅಧ್ಯಯನವೊಂದು ಹೇಳಿತು. ಮರುವರ್ಷ ಇಲ್ಲಿಯ ಆರೋಗ್ಯ ಮಂತ್ರಿ ಸಾಜಿದ್ ಜಾವಿದ್ ತನಿಖೆ ಮಾಡಿಸಿದರು, 2024ರ ಮಾರ್ಚ್‌ನಲ್ಲಿ ವರದಿ ಬಂತು. ನಿಧಾನ ಹೌದು. ಆದರೂ ಈಗ ಬರೀ ಆ ನಂಬರ್ ನೋಡಿ ಮನೆಗೆ ಕಳಿಸುವ ಮುಂಚೆ ನಾವು ಎರಡು ಸಲ ಯೋಚನೆ ಮಾಡುತ್ತೇವೆ.

ಸ್ಲೌ_ಶೆಟ್ರು:

ಒಪ್ಪಿದೆ, ಆದರೆ ಒಂದು ಮಾತು. ಆ 5 ಪಟ್ಟು 2020–22ರ ಲೆಕ್ಕದಲ್ಲಿ 3ರ ಆಸುಪಾಸಿಗೆ ಇಳಿಯಿತು ಅಂತ ಮಂತ್ರಿಗಳು ಖುಷಿ ಪಡಬಹುದು. ಅದೇ ಅವಧಿಯಲ್ಲಿ ಒಟ್ಟು ತಾಯಂದಿರ ಸಾವೇ ಲಕ್ಷ ಹೆರಿಗೆಗೆ 13.41 ಆಯಿತು, 2003–05ರ ನಂತರ ಇಷ್ಟು ಆಗಿರಲಿಲ್ಲ. ಬಿಳಿಯರಲ್ಲಿ ಸಾವು ಏರಿದ್ದೂ ಅಂತರ ಕಡಿಮೆ ಕಾಣಲು ಒಂದು ಕಾರಣ. ಇದಕ್ಕೆ ಸಮಾನತೆ ಅಂತಾರಾ?

ಹಾಸನದಕ್ಕ_ಲೆಸ್ಟರ್:

ಶೆಟ್ರೇ, ಇದನ್ನು ನೀವೇ ನಿಮ್ಮ ಎಂಪಿಗೆ ಬರೆಯಿರಿ. ನಿಜಕ್ಕೂ ಒಳ್ಳೆ ಪ್ರಶ್ನೆ.

ದಾವಣಗೆರೆ_ಟು_ಕೊವೆಂಟ್ರಿ:

ಎಲ್ಲರಿಗೂ ಥ್ಯಾಂಕ್ಸ್. ಯಜಮಾನರಿಗೆ ಅಕ್ಕನ ಉತ್ತರ ಓದಿಸಿದೆ. "ಓಟು ಇದೆಯಾ ನಮಗೆ?" ಅಂತ ಅಲ್ಲೇ ಕೂತು ರಿಜಿಸ್ಟರ್ ಮಾಡಿದರು! ಪತ್ರದ ಡ್ರಾಫ್ಟ್ ನಿಮ್ಮ ಇನ್‌ಬಾಕ್ಸಿಗೆ ಹಾಕಿದ್ದೇನೆ ಅಕ್ಕ. ಆಸ್ಪತ್ರೆಗೂ ಬೇರೆಯಾಗಿ ದೂರು ಕೊಡಬೇಕಾ, ಎಂಪಿ ಸಾಕಾ?

ಹಾಸನದಕ್ಕ_ಲೆಸ್ಟರ್:

ಎರಡೂ ಬೇಕು, ಆಸ್ಪತ್ರೆಯದು ಮೊದಲು. ಟ್ರಸ್ಟಿನ ದೂರು ವಿಭಾಗಕ್ಕೆ ಬರೆಯಿರಿ. ಸಾಮಾನ್ಯವಾಗಿ 12 ತಿಂಗಳೊಳಗೆ ಕೊಡಬೇಕು, ನಿಮಗೆ ಸಮಯ ಇದೆ. ಅವರ ಉತ್ತರ ಸರಿ ಅನ್ನಿಸದಿದ್ದರೆ ಮುಂದೆ ಇಂಥ ದೂರು ವಿಚಾರಿಸುವ ಆರೋಗ್ಯ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಮಗುವಿನ ದಾಖಲೆಗಳ ಪ್ರತಿ ಈಗಲೇ ಕೇಳಿಡಿ.

ಡ್ರಾಫ್ಟ್ ಓದಿದೆ. ಮೂರು ಪುಟ ಇದೆ, ಒಂದಕ್ಕೆ ಇಳಿಸಿ. ಮಿಡ್‌ವೈಫ್ ಮನಸ್ಸಿನಲ್ಲಿ ಏನಿತ್ತು ಅನ್ನೋ ಪ್ಯಾರಾ ತೆಗೆಯಿರಿ, ನಮಗೆ ಗೊತ್ತಾಗುವಂಥದ್ದಲ್ಲ. ಫೋನಿನಲ್ಲಿ ಹೇಳಿದ ಮಾತು ಮಾತ್ರ ಹಾಗೇ ಇರಲಿ, ತಾರೀಖು, ಗಂಟೆ ಸಮೇತ. ನಿಮ್ಮ ಫೋನಿನ ಕಾಲ್ ಲಾಗ್‌ನಲ್ಲಿ ಸಿಗುತ್ತೆ. ಅಮ್ಮ ಕಿಟಕಿ ಬೆಳಕಿನಲ್ಲಿ ನೋಡಿದ್ದನ್ನು ಮೇಲಕ್ಕೆ ತನ್ನಿ, ಅದರ ಪಕ್ಕದಲ್ಲೇ ಮಾರ್ಗಸೂಚಿಯ ಸಾಲು ಹಾಕಿ. ಪ್ರಶ್ನೆ ಕೊನೆಯಲ್ಲಿ, ಬೇರೆ ಪ್ಯಾರಾದಲ್ಲಿ. ಮನೆ ವಿಳಾಸ, ಪೋಸ್ಟ್‌ಕೋಡ್ ಮರೀಬೇಡಿ. ಎಂಪಿಗಳು ತಮ್ಮ ಕ್ಷೇತ್ರದವರ ಕೆಲಸ ಮಾತ್ರ ಮಾಡುತ್ತಾರೆ, ಅದಿಲ್ಲದ ಇಮೇಲನ್ನು ನಾವು ತೆರೆದು ಹಾಗೇ ಮುಚ್ಚುತ್ತಿದ್ದೆವು.