‘ಮೀನೇಣಿ’ ಸರಿಯೇ? ಫಿಶ್ ಲ್ಯಾಡರ್ ಮತ್ತು ಅದರ ನೆರೆಹೊರೆಯ ಪದಗಳು

ಪ್ರಶ್ನೆ: ಕಿರು ಜಲವಿದ್ಯುತ್ ಘಟಕಗಳ ಕೈಪಿಡಿಯೊಂದರ ಅನುವಾದದಲ್ಲಿ, ಮೀನು ಒಡ್ಡು ದಾಟಿ ಮೇಲಕ್ಕೆ ಹೋಗಲೆಂದು ಕಟ್ಟುವ ‘ಫಿಶ್ ಲ್ಯಾಡರ್’ಗೆ ಒಂದು ಕಡೆ ‘ಮೀನೇಣಿ’, ಇನ್ನೊಂದು ಕಡೆ ‘ಮತ್ಸ್ಯಸೋಪಾನ’ ಎಂದಿದೆ. ಮೀನು ಏಣಿ ಹತ್ತುತ್ತದೆಯೇ ಎಂದು ಕರಡು ತಿದ್ದಿದವರ ಆಕ್ಷೇಪ. ‘ಅಟ್ರ್ಯಾಕ್ಷನ್ ಫ್ಲೋ’ಗೆ ‘ಸೆಳವು’, ಹೊಳೆ ಬತ್ತದಂತೆ ಒಡ್ಡಿನಿಂದ ಕೆಳಕ್ಕೆ ಬಿಡುವ ನೀರಾದ ‘ಎನ್ವಿರಾನ್‌ಮೆಂಟಲ್ ಫ್ಲೋ’ಗೆ ‘ಕನಿಷ್ಠ ಹರಿವು’ ಹಾಕಬಹುದೇ?

ಉತ್ತರ: ಮೀನು ಹತ್ತುವುದರ ಬಗ್ಗೆ ಮಲೆನಾಡಿನವರಿಗೆ ಅನುಮಾನವೇ ಇಲ್ಲ. ಮುಂಗಾರಿನ ಮೊದಲ ಜಡಿಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಯ ಅಂಚಿಗೆ ಏರಿ ಬರುವುದನ್ನು ‘ಹತ್ತುಮೀನು’ ಎಂದೇ ಕರೆಯುತ್ತಾರೆ. ಮೀನು ಹಿಡಿಯುವ ಕೂಣಿ ಒಡ್ಡುವುದೂ ಅದಕ್ಕೇ. ಕ್ರಿಯಾಪದ ಸರಿಯಿದೆ, ತಕರಾರು ‘ಏಣಿ’ಯದು.

ಒಡ್ಡಿನ ಪಕ್ಕದಲ್ಲಿ ಒಂದರ ಮೇಲೊಂದು ಕಟ್ಟಿದ ತೊಟ್ಟಿಗಳಲ್ಲಿ ನೀರು ಧುಮುಕುತ್ತ ಇಳಿಯುವ ಮಾದರಿಗೆ ‘ಮೀನುಮೆಟ್ಟಿಲು’ ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ಮೆಟ್ಟಿಲಿನ ಎತ್ತರವೇ ಎಲ್ಲವನ್ನೂ ತೀರ್ಮಾನಿಸುವುದು. 30 ಸೆಂಟಿಮೀಟರ್ ಇದ್ದರೆ ನೀರಿನ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್ ಆಗುತ್ತದೆ, 15 ಇದ್ದರೆ 1.7. ನೆಗೆಯುವ ಸಾಲ್ಮನ್‌ಗೆ 30 ಲೆಕ್ಕಕ್ಕಿಲ್ಲ. ನಮ್ಮ ಹೊಳೆಯ ಸಣ್ಣ ಕೆಂಡೆ ಜಾತಿಗಳಿಗೆ ಅದೇ ಗೋಡೆ. ಮೂರು ಮೀಟರ್ ಒಡ್ಡಿಗೆ 15ರ ಲೆಕ್ಕದಲ್ಲಿ 20 ಇಳಿತ, ನಡುವೆ 19 ತೊಟ್ಟಿ ಬೇಕು. ಖರ್ಚು ಉಳಿಸಲು ಹತ್ತಕ್ಕೆ ನಿಲ್ಲಿಸಿದರೆ ಮೆಟ್ಟಿಲು ಮಾತ್ರ ಉಳಿಯುತ್ತದೆ, ಮೀನು ಬರುವುದಿಲ್ಲ.

ಆದರೆ ಎಲ್ಲ ಮಾದರಿಗಳೂ ಮೆಟ್ಟಿಲಲ್ಲ. ಕೆನಡಾದ ಫ್ರೇಸರ್ ನದಿಯ ಹೆಲ್ಸ್ ಗೇಟ್‌ನಲ್ಲಿ 1914ರಲ್ಲಿ ರೈಲುಮಾರ್ಗದ ಕಾಮಗಾರಿಯಿಂದ ಬಂಡೆ ಕುಸಿದು ಸಾಲ್ಮನ್ ಮೀನಿನ ದಾರಿ ಮುಚ್ಚಿಹೋಯಿತು. 1940ರ ದಶಕದಲ್ಲಿ ಅಲ್ಲಿ ಕಟ್ಟಿದ ‘ವರ್ಟಿಕಲ್ ಸ್ಲಾಟ್’ ಮಾದರಿಯಲ್ಲಿ ಅಡ್ಡಗೋಡೆಗಳಿಗೆ ಮೇಲಿಂದ ತಳದವರೆಗೆ ಸೀಳು ಬಿಟ್ಟಿರುತ್ತದೆ. ನೀರಿನ ಮಟ್ಟ ಏರಿದರೂ ಇಳಿದರೂ ಮೀನು ತನಗೆ ಬೇಕಾದ ಆಳದಲ್ಲಿ, ನೆಗೆಯದೆ, ಈಜಿಯೇ ದಾಟುತ್ತದೆ. ನಿಲುಗನ್ನಡಿಯ ಜಾಡಿನಲ್ಲಿ ಇದನ್ನು ‘ನಿಲುಗಂಡಿ’ ಎನ್ನಬಹುದು. ಒಟ್ಟು ವರ್ಗಕ್ಕೆ ‘ಮೀನುದಾರಿ’ ಸಾಕು. ಕೆಳಗೆ ಹೋಗುವ ಮರಿಗಳು ಟರ್ಬೈನಿಗೆ ಸಿಗದಂತೆ ಕಿರಿದಾದ ಸಂದಿನ ಜಾಲರಿ ಇಟ್ಟು ಪಕ್ಕದಿಂದ ಬಿಡುವ ಕಾಲುವೆಯೂ ಆಗ ಅದರಡಿಗೇ ಬರುತ್ತದೆ. ‘ಏಣಿ’ ಎಂದರೆ ಅದು ಹೊರಗೇ ಉಳಿಯುತ್ತದೆ. ‘ಸೋಪಾನ’ ದೇವಸ್ಥಾನಕ್ಕಿರಲಿ.

‘ಸೆಳವು’ ಬೇಡ. ಹೊಳೆಯಲ್ಲಿ ಸೆಳವು ಎಂದರೆ ಈಜುವವನನ್ನು ಎಳೆದೊಯ್ಯುವಂಥದ್ದು. ಇಲ್ಲಿ ಮೀನು ನೀರಿಗೆ ಎದುರಾಗಿ ಬರುತ್ತದೆ, ಅದನ್ನು ಮೀನುದಾರಿಯ ಬಾಗಿಲಿಗೆ ಕರೆಯುವ ನೀರಿದು: ‘ಕರೆನೀರು’ ಎನ್ನೋಣ. ಬಾಗಿಲಿನಿಂದ ಬೀಳುವ ನೀರು ಪಕ್ಕದಲ್ಲಿ ಸ್ಪರ್ಧಿಸುವ ಹರಿವಿನ ಶೇ 1ರಿಂದ 5ರಷ್ಟಾದರೂ ಇರಬೇಕೆಂಬುದು ರೂಢಿಯ ಲೆಕ್ಕ. ಕಿರು ಘಟಕಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಒಡ್ಡು ಮೇಲೆಲ್ಲೋ, ವಿದ್ಯುದಾಗಾರ ಕಿಲೋಮೀಟರ್‌ಗಟ್ಟಲೆ ಕೆಳಗೆ. ಟರ್ಬೈನಿನಿಂದ ಹೊರಬರುವ ದೊಡ್ಡ ನೀರಿನ ಬಾಯಲ್ಲೇ ಮೀನು ಗುಂಪುಗೂಡಿ ನಿಲ್ಲುತ್ತದೆ. ನಡುವಿನ ಹೊಳೆ ಬತ್ತಿರುವುದರಿಂದ ಮೇಲಿನ ಮೀನುದಾರಿಯ ತನಕ ಅದು ತಲುಪುವುದೇ ಇಲ್ಲ.

ಆ ಬತ್ತಿದ ಭಾಗಕ್ಕೇ ಮೂರನೆಯ ಪದ ಬೇಕಾಗಿರುವುದು. ‘ಕನಿಷ್ಠ ಹರಿವು’, ‘ಪರಿಸರ ಹರಿವು’ ಎರಡೂ ಇರಲಿ, ಬೆರೆಸಬೇಡಿ. 2017ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೇಸಗೆಯಂಥ ಕಡಿಮೆ ನೀರಿನ ಕಾಲದ ಸರಾಸರಿಯ ಶೇ 15–20ರಷ್ಟನ್ನು ಹರಿಯಬಿಡಬೇಕೆಂದದ್ದು ಮೊದಲನೆಯದು: ಅಷ್ಟಕ್ಕಿಂತ ಕೆಳಗಿಳಿಯಬಾರದು ಎಂಬ ಒಂದೇ ಗೆರೆ. ಗಂಗೆಯ ಮೇಲ್ಭಾಗಕ್ಕೆ 2018ರಲ್ಲಿ ಹೊರಟ ಅಧಿಸೂಚನೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಹರಿವಿನ ಶೇ 20, ಅಕ್ಟೋಬರ್, ಏಪ್ರಿಲ್, ಮೇ ತಿಂಗಳಲ್ಲಿ 25, ಮಳೆಗಾಲದಲ್ಲಿ 30 ಎಂದು ಕಾಲಕ್ಕೆ ತಕ್ಕಂತೆ ಏರಿಳಿಸುತ್ತದೆ. ಅದು ಎರಡನೆಯದು. ಹತ್ತುಮೀನಿಗೆ ಜೂನಿನ ಕೆಂಪುನೀರೇ ಬೇಕು, ಜನವರಿಯ ಲೆಕ್ಕದ ನೀರನ್ನು ವರ್ಷವಿಡೀ ಬಿಟ್ಟರೆ ಅದು ಹತ್ತುವುದಿಲ್ಲ.