ಲೋಕಲ್ ಪಾರ್ಟು, ಸಿಕೆಡಿ ಪಾರ್ಟು: ಬೋರ್ಡಿಗೆ ಏನು ಬರೆಯೋದು?

ಪ್ರಶ್ನೆ: ಬಿಡದಿ ಕಡೆಯ ಒಂದು ಕಾರು ಕಾರ್ಖಾನೆಯ ಸ್ಟೋರ್ಸಿಗೆ ಕನ್ನಡ ಬೋರ್ಡು ಬರೆದುಕೊಡಬೇಕು. ಒಂದು ಸಾಲಿನಲ್ಲಿ ಇಲ್ಲಿನ ಸಪ್ಲೈಯರುಗಳಿಂದ ಕೊಂಡ ಪಾರ್ಟು. ಇನ್ನೊಂದರಲ್ಲಿ ಹೊರದೇಶದಿಂದ ಪೆಟ್ಟಿಗೆಯಲ್ಲಿ ಬಂದ ಸಿಕೆಡಿ ಪಾರ್ಟು, ಅಂದರೆ ಇಲ್ಲಿ ಜೋಡಿಸಲೆಂದು ಪೂರ್ತಿ ಬಿಡಿಬಿಡಿಯಾಗಿ ತಂದದ್ದು. ತರಬೇತಿ ಪುಸ್ತಿಕೆಯಲ್ಲಿ 'ಲೋಕಲೈಸೇಶನ್' (ಹೊರಗಿಂದ ತರಿಸುವ ಪಾರ್ಟನ್ನು ಇಲ್ಲೇ ಮಾಡಿಸುವುದು) ಪುಟಪುಟಕ್ಕೂ ಬರುತ್ತದೆ. ಸದ್ಯಕ್ಕೆ 'ಸ್ವದೇಶೀಕರಣ' ಹಾಕಿದ್ದೇನೆ. ನಾಳೆಯೇ ಪ್ರಿಂಟಿಗೆ ಹೋಗಬೇಕು, ದಯವಿಟ್ಟು ಬೇಗ ಹೇಳಿ.

ಉತ್ತರ: 'ಕರಣ' ಹಚ್ಚುವ ಚಾಳಿ ಮೊದಲು ಬಿಡಿ. 'ಒಳನಾಡ ಬಿಡಿಗಳು', 'ಹೊರನಾಡ ಬಿಡಿಗಳು' ಸಾಕು. ಲೋಕಲೈಸೇಶನ್‌ಗೆ 'ಒಳನಾಡಿಸಿಕೆ'. ಮಹಾಪ್ರಾಣದ ಹಂಗೇ ಇಲ್ಲ.

ಉತ್ತರ: ಹೊರನಾಡು ಅಂದರೆ ಸ್ಟೋರ್ಸಿನ ಹುಡುಗರಿಗೆ ಅನ್ನಪೂರ್ಣೇಶ್ವರಿ ನೆನಪಾಗುತ್ತಾಳೆ, ಇಲ್ಲವೇ ಮುಂಬೈ ಕನ್ನಡಿಗರು. ಪುಣೆಯಿಂದ ಲಾರಿಯಲ್ಲಿ ಬಂದ ಪಾರ್ಟು ಹೊರನಾಡಿನದೋ? ಕಾರ್ಖಾನೆಯ ಲೆಕ್ಕದಲ್ಲಿ ಅದು ಲೋಕಲ್.

'ಸ್ವದೇಶೀಕರಣ'ವೂ ಇಲ್ಲಿ ಒಗ್ಗುವುದಿಲ್ಲ. ಅದು ಸರ್ಕಾರದ ಮಾತು. 1997ರ ಡಿಸೆಂಬರಿನಲ್ಲಿ ಕೇಂದ್ರ ಒಂದು ಷರತ್ತು ಹಾಕಿತ್ತು: ಕಿಟ್ ತರಿಸಿ ಕಾರು ಜೋಡಿಸುವವರು 3ನೇ ವರ್ಷಕ್ಕೆ ಶೇ. 50, 5ನೇ ವರ್ಷಕ್ಕೆ ಶೇ. 70ರಷ್ಟು ಇಲ್ಲಿನದೇ ಆಗಿಸಬೇಕು. ಅಮೆರಿಕ, ಯುರೋಪ್ ಒಕ್ಕೂಟ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು, ನಾವು ಸೋತೆವು. ಆ ಕಥೆ ಬರೆಯುವಾಗ 'ಸ್ವದೇಶೀಕರಣ' ಸರಿ. ಆದರೆ ಕಂಪನಿಗಳು ಲೋಕಲೈಸೇಶನ್ ಮಾಡುವುದು ಸುಂಕ, ಹಡಗಿನ ಬಾಡಿಗೆ, ಯೆನ್ ದರದ ಏರಿಳಿತ ತಪ್ಪಿಸಿಕೊಳ್ಳೋಕೆ. ಜಪಾನಿನ ಕಂಪನಿಯೇ ಬಿಡದಿಗೆ ಬಂದು ಪಾರ್ಟು ಮಾಡಿಕೊಟ್ಟರೂ ಅದು ಲೋಕಲ್ಲೇ. ಅದರಲ್ಲಿ 'ಸ್ವ' ಎಲ್ಲಿ ಬಂತು?

ಇನ್ನೂ ಒಂದು ತೊಡಕಿದೆ. ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ 2004ರಿಂದ ಬಿಡದಿಯ ಗೇರ್‌ಬಾಕ್ಸುಗಳನ್ನು ಹೊರದೇಶದ ಟೊಯೊಟಾ ಕಾರ್ಖಾನೆಗಳಿಗೆ ಕಳಿಸುತ್ತಿದೆ. ಇಲ್ಲಿ ಲೋಕಲ್ ಆದದ್ದು ಅಲ್ಲಿಗೆ ಹೋದರೆ ಆಮದು. ಹಾಗಾಗಿ ನಾಡು, ದೇಶ ಎರಡೂ ಬೇಡ. ಬೋರ್ಡಿಗೆ 'ಇಲ್ಲಿನ ಪಾರ್ಟು', 'ಆಮದು ಪಾರ್ಟು – ಸಿಕೆಡಿ'. ಪುಸ್ತಿಕೆಯಲ್ಲಿ ನಾಮಪದಕ್ಕೆ ಯಾಕೆ ಜೋತುಬೀಳಬೇಕು? 'ಇಲ್ಲೇ ಮಾಡಿಸುವುದು' ಅಂತ ಬರೆಯಿರಿ. ಸಿಕೆಡಿಯನ್ನು ಮುಟ್ಟಬೇಡಿ, ಪೆಟ್ಟಿಗೆಯ ಮೇಲೂ ಅದೇ ಇರುತ್ತದೆ.

ಉತ್ತರ: 'ಆಮದು' ಪಾರಸಿ. ಎರವಲು ಪದ ಬೇಡವೆಂದರೆ ಬೇಡ.

ಉತ್ತರ: 'ರಫ್ತು', 'ಕಾರ್ಖಾನೆ' ಕೂಡ ಪಾರಸಿಯೇ. 'ಸುಂಕ' ಸಂಸ್ಕೃತದ ಶುಲ್ಕದಿಂದ ಬಂದದ್ದು. ಎಲ್ಲ ಕಿತ್ತುಹಾಕಿದ ಮೇಲೆ ಕಾರಿಗೆ ಏನಂತೀರಿ, ಸ್ವಾಮಿ?

ಉತ್ತರ: ಬಂಡಿ.

ಪ್ರಶ್ನೆ ಕೇಳಿದವರು: 'ಇಲ್ಲಿನ ಪಾರ್ಟು', 'ಆಮದು ಪಾರ್ಟು' ಅಂತಲೇ ಕಳಿಸುತ್ತಿದ್ದೇನೆ. ಬಂಡಿ ಜಗಳ ಆಮೇಲೆ ಮಾಡಿ. ಈಗ ನೋಡಿದರೆ ಎಸ್‌ಕೆಡಿ ಅಂತ ಇನ್ನೊಂದಿದೆ, ಅರ್ಧ ಜೋಡಿಸಿ ತಂದದ್ದು. ಬಿಡಿಬಿಡಿಯಾಗಿ ತಂದದ್ದಕ್ಕೂ ಇದಕ್ಕೂ ಸುಂಕವೇ ಬೇರೆಯಂತೆ, ಹಾಗಾಗಿ ಬೇರೆ ಬೋರ್ಡೇ ಬೇಕು. 'ಅರೆಜೋಡಣೆ' ನಡೆಯುತ್ತಾ?