ಸಹಾಯ ಬೇಕು: 'ಮುಶಿಶಿ' ತರಹದ ನಿಧಾನವಾದ ಅನಿಮೆ (ಜಪಾನಿನ ಅನಿಮೇಷನ್), ಮಾಂಗಾ (ಜಪಾನಿನ ಕಾಮಿಕ್ಸ್) ಯಾವುದಿದೆ?

ಎಲ್ಲರಿಗೂ ನಮಸ್ಕಾರ. ಹೊಡೆದಾಟದ ಅನಿಮೆಗಳ ಹೆಸರು ಯಾರನ್ನು ಕೇಳಿದರೂ ಸಿಗುತ್ತೆ, ನನಗೆ ಬೇಕಿರೋದು ಅದಲ್ಲ.

ನನ್ನ ಅಚ್ಚುಮೆಚ್ಚು ಯೂಕಿ ಉರುಶಿಬಾರ ಅವರ ಮಾಂಗಾ 'ಮುಶಿಶಿ'. ಅದರ 2005ರ ಅನಿಮೆಯ 26 ಕಂತುಗಳಲ್ಲಿ ಒಂದೊಂದೂ ಬಿಡಿ ಕಥೆ. ಊರೂರು ಅಲೆಯುವ ಗಿಂಕೊ, ಸಾಮಾನ್ಯರ ಕಣ್ಣಿಗೆ ಕಾಣದ 'ಮುಶಿ' ಎಂಬ ವಿಚಿತ್ರ ಜೀವಿಗಳಿಂದ ತೊಂದರೆಗೆ ಸಿಕ್ಕವರಿಗೆ ಕೈಲಾದಷ್ಟು ಮದ್ದು ಮಾಡಿ ಮುಂದಿನ ದಾರಿ ಹಿಡಿಯುತ್ತಾನೆ. ಮುಶಿಗಳನ್ನು ದುಷ್ಟ ಅಂತ ತೋರಿಸೋದೇ ಇಲ್ಲ, ಅವೂ ತಮ್ಮ ಪಾಡಿಗೆ ಬದುಕ್ತಿವೆ ಅಷ್ಟೇ. ನನಗೆ ಬಹಳ ಹಿಡಿಸಿದ್ದು ಇದೇ.

ಇನ್ನೊಂದು, ಹಿತೊಶಿ ಆಶಿನಾನೊ ಅವರ ಮಾಂಗಾ 'ಯೊಕೊಹಾಮಾ ಕೈದಾಶಿ ಕಿಕೋ'. ಸಮುದ್ರ ಏರಿ ಊರುಗಳು ಮುಳುಗಿದ ಕಾಲ. ಆಲ್ಫಾ ಎಂಬ ರೋಬಾಟ್ ಹುಡುಗಿ ಗಿರಾಕಿಗಳು ಅಪರೂಪಕ್ಕೆ ಬರುವ ಕಾಫಿ ಅಂಗಡಿ ನಡೆಸುತ್ತಾಳೆ. ಮುಳುಗಿದ ಬೀದಿಯ ದೀಪಗಳು ಸಂಜೆಯಾದರೆ ನೀರೊಳಗೇ ಹೊತ್ತಿಕೊಳ್ಳುವ ಆ ಪುಟ ಬಂದಾಗ ಮುಂದಕ್ಕೆ ತಿರುಗಿಸೋಕೆ ಮನಸ್ಸೇ ಬರಲ್ಲ.

'ಆರಿಯಾ', 'ನತ್ಸುಮೆ ಯೂಜಿನ್‌ಚೋ' ಎರಡೂ ನೋಡಿ ಆಗಿದೆ. ಇವನ್ನೆಲ್ಲ ಮೆಚ್ಚಿದವರು ಮುಂದೆ ಏನು ಓದಿದ್ರಿ? ಪೂರ್ತಿ ಮುಗಿದಿರುವ ಮಾಂಗಾ ಆದರೆ ಒಳ್ಳೇದು, ಶಾಲೆಯ ಪ್ರೇಮಕಥೆ ಮಾತ್ರ ಬೇಡ. ಇಂಗ್ಲಿಷ್ ಅನುವಾದದ ಅಚ್ಚಿನ ಪ್ರತಿಗಳು ಬೆಂಗಳೂರಲ್ಲಿ ಎಲ್ಲಿ ಸಿಗುತ್ತವೆ ಅಂತ ಗೊತ್ತಿದ್ದರೆ ಅದನ್ನೂ ತಿಳಿಸಿ, ದಯವಿಟ್ಟು.